ಅಮ್ಮನಿಗೆ 71, ನೆಲದಿಂದ ಏಳೋಕಾಗ್ತಿಲ್ಲ. ಮನೆಗೆ ಬರೋ ಟ್ರೈನರ್ ಇಡಬಹುದಾ?

ಕೋಲಾರದವಳು:

ಎಲ್ಲರಿಗೂ ನಮಸ್ಕಾರ. ನಾವಿರೋದು ಕೋಲಾರ ಟೌನಲ್ಲಿ. ಅಮ್ಮನಿಗೆ 71 ವರ್ಷ. ವೇಮಗಲ್ ಕಡೆ ಹಳ್ಳಿಯಲ್ಲಿ ರೇಷ್ಮೆ ಹುಳ ಮೇಯಿಸಿಕೊಂಡು ಬದುಕಿದವರು. ಸೊಪ್ಪಿನ ಹೊರೆ ಹೊತ್ತು, ಚಂದ್ರಿಕೆ (ಹುಳ ಗೂಡು ಕಟ್ಟೋ ಬಿದಿರಿನ ತಟ್ಟೆ) ಎತ್ತಿ ಇಳಿಸಿ ಗಟ್ಟಿಯಾಗಿದ್ದ ಜೀವ. ಅಪ್ಪ ಹೋದಮೇಲೆ ನಮ್ಮ ಜೊತೆ ಬಂದರು. ಇಲ್ಲಿ ಅವರಿಗೆ ಕೆಲಸ ಅಂತ ಏನೂ ಇಲ್ಲ, ನಾವೂ ಮಾಡಗೊಡಲ್ಲ. ಟಿವಿ, ಊಟ, ನಿದ್ದೆ.

ಈಗ ಸೋಫಾದಿಂದ ಏಳಬೇಕಾದ್ರೆ ಎರಡೂ ಕೈ ಊರಬೇಕು. ಗೌರಿ ಹಬ್ಬದ ದಿನ ಪೂಜೆಗೆ ನೆಲದ ಮೇಲೆ ಕೂತವರು ಏಳೋಕಾಗದೆ, ನಾನೂ ನಮ್ಮ ಯಜಮಾನರೂ ಆ ಕಡೆ ಈ ಕಡೆ ಹಿಡಿದು ಎತ್ತಬೇಕಾಯ್ತು. ನೆಂಟರೆಲ್ಲ ನೋಡ್ತಿದ್ರು. ಅವತ್ತಿಂದ ನೆಲದ ಮೇಲೆ ಕೂರೋದನ್ನೇ ಬಿಟ್ಟಿದ್ದಾರೆ. ಬಚ್ಚಲಿಗೆ ಹೋಗುವಾಗ ಗೋಡೆ ಹಿಡ್ಕೊಂಡೇ ಹೋಗ್ತಾರೆ.

ಡಾಕ್ಟರ್ ಎಕ್ಸ್‌ರೇ ನೋಡಿ, ಮಂಡಿ ಸ್ವಲ್ಪ ಸವೆದಿದೆ, ಆಪರೇಷನ್ ಏನೂ ಬೇಡ, ಕಾಲಲ್ಲಿ ಬಲ ಇಲ್ಲ, ವ್ಯಾಯಾಮ ಮಾಡಿಸಿ ಅಂದ್ರು. ಬಿಪಿ, ಶುಗರ್ ಎರಡಕ್ಕೂ ಮಾತ್ರೆ ಇದೆ. ಹತ್ತಿರದ ಜಿಮ್ಮಿನ ಹುಡುಗನೊಬ್ಬ ವಾರಕ್ಕೆ ಮೂರು ದಿನ ಮನೆಗೇ ಬಂದು ಮಾಡಿಸ್ತೀನಿ, ಒಂದು ಸಲಕ್ಕೆ 400 ಕೊಡಿ ಅಂತಿದ್ದಾನೆ. ದುಡ್ಡು ಹೇಗೋ ಹೊಂದಿಸ್ತೀವಿ. ಭಾರ ಎತ್ತಿಸಿದ್ರೆ ಮಂಡಿ ಪೂರ್ತಿ ಹೋಗಿಬಿಟ್ರೆ ಅನ್ನೋ ಭಯ. ನಮ್ಮಣ್ಣ ಬೇರೆ, ‘ಈ ವಯಸ್ಸಲ್ಲಿ ಇದೆಲ್ಲ ಯಾಕೆ, ಆರಾಮಾಗಿ ಇರಲಿ ಬಿಡು’ ಅಂತಾನೆ. ಆ ಹುಡುಗನಿಗೆ ಒಪ್ಪಿಸೋ ಮುಂಚೆ ಏನೇನು ಕೇಳಬೇಕು? ತಿಳಿದವರು ಹೇಳಿ.

ಬೆಳಗಿನ_ವಾಕರ್:

ಟ್ರೈನರ್ ಎಲ್ಲ ಬೇಡ ಮೇಡಂ. ದಿನಾ ಬೆಳಿಗ್ಗೆ ಅರ್ಧ ಗಂಟೆ ವಾಕಿಂಗ್ ಮಾಡಿಸಿ, ಮಂಡಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕಿ. ನಮ್ಮ ತಂದೆ 80ರವರೆಗೂ ಬರೀ ನಡಿಗೆಯಲ್ಲೇ ಗಟ್ಟಿಯಾಗಿದ್ರು.

ಫಿಸಿಯೋ_ಬಟವಾಡಿ:

ಮೇಡಂ, ನಾನು ತುಮಕೂರಲ್ಲಿ ಫಿಸಿಯೋಥೆರಪಿಸ್ಟ್. ಈಗ ಹೆಚ್ಚಾಗಿ ಮನೆಮನೆಗೆ ಹೋಗಿ ವಯಸ್ಸಾದವರಿಗೇ ವ್ಯಾಯಾಮ ಮಾಡಿಸ್ತೀನಿ. ನಿಮ್ಮ ತಾಯಿಯಂಥವರನ್ನ ವಾರ ಪೂರ್ತಿ ನೋಡ್ತಿರ್ತೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ವಾಕಿಂಗ್ ಒಳ್ಳೇದೇ, ಬಿಡಬೇಡಿ. ಹೃದಯಕ್ಕೆ ಬೇಕು, ಶುಗರ್‌ಗೂ ಬೇಕು. ಆದರೆ ನಮ್ಮ ಅಮಾನಿಕೆರೆ ಪಾರ್ಕಲ್ಲಿ ದಿನಾ ಸುತ್ತು ಹಾಕೋರಲ್ಲೇ ಎಷ್ಟೋ ಜನ ಕಲ್ಲುಬೆಂಚಿಂದ ಏಳುವಾಗ ಪಕ್ಕದವರ ಭುಜ ಹುಡುಕ್ತಾರೆ. ಸಮತಟ್ಟು ನೆಲದಲ್ಲಿ ನಡೆಯೋಕೆ ತೊಡೆಗೆ ಬೇಕಾದ ಬಲ ಕಮ್ಮಿ. ಕೂತಲ್ಲಿಂದ ಇಡೀ ಮೈಭಾರ ಮೇಲೆತ್ತೋಕೆ ಅದಕ್ಕಿಂತ ತುಂಬಾ ಜಾಸ್ತಿ ಬೇಕು. ಆ ಬಲ ಬರಬೇಕಾದ್ರೆ ತೊಡೆಗೆ ಭಾರ ಬೀಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ 65 ದಾಟಿದವರಿಗೆ ನಡಿಗೆಯಂಥ ಚಟುವಟಿಕೆ ವಾರಕ್ಕೆ 150ರಿಂದ 300 ನಿಮಿಷ ಅಂದಿದೆ. ಅದರ ಜೊತೆಗೇ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲದ ವ್ಯಾಯಾಮ, 3 ದಿನ ಬ್ಯಾಲೆನ್ಸ್ ಮತ್ತು ಬಲ ಸೇರಿದ ವ್ಯಾಯಾಮ ಅಂತಲೂ ಇದೆ. ನಮ್ಮ ಜನ ಮೊದಲನೇದನ್ನ ಮಾತ್ರ ಹಿಡ್ಕೊಂಡಿದ್ದಾರೆ.

ನಿಮ್ಮಣ್ಣನಿಗೆ ಇದೊಂದು ಹೇಳಿ. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ, ಆರೈಕೆ ಕೇಂದ್ರದಲ್ಲಿದ್ದ ಸರಾಸರಿ 90 ವಯಸ್ಸಿನ 10 ಜನ ಅಶಕ್ತ ವೃದ್ಧರಿಗೆ 8 ವಾರ ಕಾಲಿಗೆ ಭಾರ ಹಾಕಿ ವ್ಯಾಯಾಮ ಮಾಡಿಸಿದರು. ಕೊನೆತನಕ ಮಾಡಿದ 9 ಜನರ ಕಾಲಿನ ಬಲ ಸರಾಸರಿ 174% ಜಾಸ್ತಿಯಾಯ್ತು. ನಿಲ್ಲಿಸಿದ 4 ವಾರಕ್ಕೆ ಸುಮಾರು ಮೂರರಲ್ಲೊಂದು ಭಾಗ ಇಳಿದೂ ಹೋಯ್ತು. 90ರಲ್ಲಿ ಬರೋ ಬಲ 71ರಲ್ಲಿ ಯಾಕೆ ಬರಲ್ಲ? ‘ಆರಾಮಾಗಿ ಇರಲಿ’ ಅಂತ ಕೂರಿಸಿದ್ದರಿಂದಲೇ ಸೊಪ್ಪಿನ ಹೊರೆ ಹೊತ್ತ ಆ ಕಾಲು ಇವತ್ತು ಸೋತಿರೋದು. ಬೇಜಾರು ಮಾಡ್ಕೋಬೇಡಿ, ಪ್ರೀತಿಯಿಂದಲೇ ಎಲ್ಲರ ಮನೆಯಲ್ಲೂ ಹೀಗೆ ಮಾಡ್ತಾರೆ.

ಮಂಡಿ ಸವೆದಿದೆ ಅಂತ ಭಾರ ಬಿಡೋದಲ್ಲ. ಮಂಡಿ ಸವೆತಕ್ಕೆ ಮೊದಲು ಹೇಳೋ ಚಿಕಿತ್ಸೆಯೇ ತೊಡೆ ಬಲಪಡಿಸೋದು. ಮಾಡುವಾಗ ಅಲ್ಪಸ್ವಲ್ಪ ನೋವು ಬಂದು ಮಾರನೇ ದಿನ ಬೆಳಿಗ್ಗೆ ಹೊತ್ತಿಗೆ ಮೊದಲಿನಂತಾದ್ರೆ ತೊಂದರೆ ಇಲ್ಲ. ಮಂಡಿ ಊದಿಕೊಂಡ್ರೆ, ಚುಚ್ಚಿದಂಗೆ ನೋವು ಬಂದ್ರೆ ಭಾರ ಇಳಿಸಬೇಕು.

ಇನ್ನು ಆ ಹುಡುಗ. ಅವನು ಮೊದಲ ದಿನ ಏನು ಮಾಡ್ತಾನೆ ಅನ್ನೋದರಲ್ಲೇ ನಿಮಗೆ ಅರ್ಧ ಗೊತ್ತಾಗುತ್ತೆ. ಬಂದವನೇ ಡಂಬಲ್ಸ್ ಕೈಗೆ ಕೊಟ್ರೆ ನಮಸ್ಕಾರ ಹೇಳಿ ಕಳಿಸಿ. ಮಾತ್ರೆ ಚೀಟಿ ಕೇಳಬೇಕು. ಬಿಪಿ ಮಾತ್ರೆ ತಗೊಳ್ಳೋ ಕೆಲವರಿಗೆ ಮಲಗಿದ್ದವರು ಎದ್ದ ತಕ್ಷಣ ಬಿಪಿ ಇಳಿದು ತಲೆ ಸುತ್ತುತ್ತೆ. ಶುಗರ್‌ಗೆ ಇನ್ಸುಲಿನ್ನೋ ಗ್ಲಿಮೆಪಿರೈಡ್ ಅನ್ನೋ ಮಾತ್ರೆಯೋ ಇದ್ರೆ ಖಾಲಿ ಹೊಟ್ಟೆಯಲ್ಲಿ ಮಾಡಿಸೋ ಹಾಗೇ ಇಲ್ಲ, ಶುಗರ್ ತೀರಾ ಇಳಿದುಬಿಡಬಹುದು, ಅದಕ್ಕೇ ಪಕ್ಕದಲ್ಲಿ ಸಕ್ಕರೆ ಇರಬೇಕು. ಹಿಂದೆ ಬಿದ್ದಿದ್ದಾರಾ, ಎದೆನೋವು ಬಂದಿತ್ತಾ, ಮೂಳೆ ಟೊಳ್ಳಾಗಿದೆ ಅಂತ ಯಾರಾದ್ರೂ ಹೇಳಿದ್ದಾರಾ, ಇಷ್ಟೂ ಕೇಳಬೇಕು. ಮೂಳೆ ಟೊಳ್ಳಿರೋರಿಗೆ ಅಂಗಾತ ಮಲಗಿಸಿ ಹೊಟ್ಟೆ ವ್ಯಾಯಾಮ ಅಂತ ಮುಂದಕ್ಕೆ ಬಗ್ಗಿಸಿ ಬಗ್ಗಿಸಿ ಎಬ್ಬಿಸೋ ಟ್ರೈನರ್‌ಗಳಿದ್ದಾರೆ, ಅದು ಬೆನ್ನುಮೂಳೆಗೆ ಅಪಾಯ.

ಆಮೇಲೆ ಅಳತೆ. ಗೋಡೆಗೆ ಒರಗಿಸಿದ ಕುರ್ಚಿ, ಎರಡೂ ಕೈ ಎದೆಗೆ ಕಟ್ಟಿ, 30 ಸೆಕೆಂಡಲ್ಲಿ ಎಷ್ಟು ಸಲ ಎದ್ದು ಕೂರ್ತಾರೆ ಅಂತ ಎಣಿಸೋದು. 70ರಿಂದ 74ರ ಹೆಂಗಸರಿಗೆ 10ಕ್ಕಿಂತ ಕಮ್ಮಿ ಬಂದ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕ. ಕೈ ಊರಲೇಬೇಕಾದ್ರೆ ಅಂಕ ಸೊನ್ನೆ. ನಿಮ್ಮ ತಾಯಿದು ಈಗ ಸೊನ್ನೆಯೇ ಇರಬಹುದು, ಅದನ್ನ ನೋಟ್‌ಬುಕ್ಕಲ್ಲಿ ತಾರೀಕು ಹಾಕಿ ಬರೆದಿಡಿ. ತಿಂಗಳು ತಿಂಗಳು ಅದೇ ಕುರ್ಚಿಯಲ್ಲಿ ಮತ್ತೆ ನೋಡಿ.

ಶುರು ಮಾಡಿಸೋದು ಹೇಗೆ ಅಂತ ಒಂದನ್ನಾದ್ರೂ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮಗೆ ಇದೊಂದೇ ಸಾಕಷ್ಟು ದೂರ ಕರ್ಕೊಂಡು ಹೋಗುತ್ತೆ. ಕೈ ಊರದೆ ಏಳೋಕಾಗಲ್ಲ ಅಂದ್ರೆ ಕುರ್ಚಿ ಮೇಲೆ ಜಮಖಾನ ಮಡಚಿ ಹಾಕಿ ಎತ್ತರ ಮಾಡಿ. ಎಷ್ಟು ಮಡಿಕೆಗೆ ಕೈ ಇಲ್ಲದೆ ಏಳ್ತಾರೋ ಅಲ್ಲಿಂದ ಶುರು. ಜಾರದ ಹಾಗೆ ಕೂರಿಸಿ, ಪಾದ ಮಂಡಿಗಿಂತ ಒಂಚೂರು ಹಿಂದಕ್ಕೆ ಎಳ್ಕೋಬೇಕು. ಮೂಗು ಕಾಲ್ಬೆರಳ ನೇರಕ್ಕೆ ಬರೋ ತನಕ ಮುಂದೆ ಬಾಗಬೇಕು. ವಯಸ್ಸಾದವರು ಬೀಳ್ತೀನಿ ಅನ್ನೋ ಭಯಕ್ಕೆ ನೆಟ್ಟಗೆ ಕೂತೇ ಏಳೋಕೆ ನೋಡ್ತಾರೆ, ಅದಕ್ಕೇ ಏಳಲ್ಲ. ಉಸಿರು ಬಿಡ್ತಾ ಏಳಲಿ. ಉಸಿರು ಬಿಗಿಹಿಡಿದ್ರೆ ಬಿಪಿ ಏರುತ್ತೆ. ಕೂರುವಾಗ ದೊಪ್ ಅಂತ ಬೀಳೋದಲ್ಲ, ಮನಸ್ಸಲ್ಲಿ ನಾಲ್ಕು ಎಣಿಸ್ತಾ ನಿಧಾನಕ್ಕೆ ಇಳೀಬೇಕು. ಬಲ ಬೆಳೆಯೋದರಲ್ಲಿ ಈ ಇಳಿಯೋದಕ್ಕೂ ದೊಡ್ಡ ಪಾಲಿದೆ. 8 ಸಲ, ಎರಡು ನಿಮಿಷ ವಿಶ್ರಾಂತಿ, ಮತ್ತೆ 8. ಕೊನೆಯ ಎರಡು ಕಷ್ಟ ಅನ್ನಿಸಬೇಕು. 12 ಸಲೀಸಾಗಿ ಬಂದ ದಿನ ಜಮಖಾನದ ಒಂದು ಮಡಿಕೆ ಬಿಚ್ಚಿ. ಎಲ್ಲಾ ಮಡಿಕೆ ಹೋದಮೇಲೆ ಎದೆಗೆ ಎರಡು ಕೆಜಿ ಅಕ್ಕಿ ಚೀಲ ತಬ್ಬಿಕೊಂಡು ಮಾಡಲಿ. ಹೀಗೆ ಏರಿಸ್ತಾ ಹೋಗದೆ ಮೂರು ತಿಂಗಳೂ ಅದೇ ಒಂದು ಕೆಜಿ ಡಂಬಲ್ ಆಡಿಸೋ ಟ್ರೈನರ್ ನಿಮ್ಮ 400 ದಂಡ ಮಾಡ್ತಿದ್ದಾನೆ.

ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತೋದು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲೋದು ಬ್ಯಾಲೆನ್ಸಿಗೆ. ಹೆಗಲು ಬಿಗಿದಿದ್ರೆ ಜಡೆ ಹಾಕೋಕೆ ಕೈ ಹಿಂದೆ ಹೋಗಲ್ಲ, ಅದನ್ನೂ ನೋಡಿಸಿ. ಸೀರೆ ಉಡೋರಾದ್ರೆ ಸೀರೆಯಲ್ಲೇ ಮಾಡಲಿ, ನೆರಿಗೆ ಮೇಲೆ ಸಿಕ್ಕಿಸಿದ್ರೆ ಸಾಕು. ಗಂಡುಹುಡುಗ ಹೇಳಿಕೊಡ್ತಾನೆ ಅಂತ ಸಂಕೋಚ ಇದ್ರೆ ಮೊದಲ ಕೆಲವು ಸಲ ನೀವೂ ಪಕ್ಕದಲ್ಲಿ ನಿಂತು ಮಾಡಿ.

ಊಟದ್ದು ಒಂದು ಮಾತು. ನಮ್ಮ ಕಡೆ ಬಸ್ಸಾರು ಮಾಡಿದಾಗ ಕಾಳೂ ಸೊಪ್ಪೂ ಪಲ್ಯ ಆಗಿ ಪಕ್ಕಕ್ಕೆ ಹೋಗುತ್ತೆ. ಹಲ್ಲಿಲ್ಲದ ಹಿರಿಯರು ಪಲ್ಯ ಬಿಟ್ಟು ಸಾರಲ್ಲಿ ಮುದ್ದೆ ನುಂಗಿ ಏಳ್ತಾರೆ. ಪ್ರೋಟೀನ್ ಇರೋದು ಆ ಬಿಟ್ಟ ಪಲ್ಯದಲ್ಲಿ. ಕಾಳು ಮೆತ್ತಗೆ ಬೇಯಿಸಿ ಮಸೆದು ಕೊಡಿ. ವಯಸ್ಸಾದವರಿಗೆ ಒಂದು ಕೆಜಿ ಮೈತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂತ ತಜ್ಞರು ಹೇಳ್ತಾರೆ. 55 ಕೆಜಿ ಇದ್ರೆ 55ರಿಂದ 66 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ದೊಡ್ಡ ಲೋಟ ಹಾಲಲ್ಲೂ ಹತ್ತಿರ ಅಷ್ಟೇ. ಶುಗರ್ ಇರೋದ್ರಿಂದ ಮೊದಲು ಕಿಡ್ನಿ ಟೆಸ್ಟ್ ಮಾಡಿಸಿ ಡಾಕ್ಟರನ್ನ ಕೇಳಿ ಜಾಸ್ತಿ ಮಾಡಿ. ಟ್ರೈನರ್ ಪೌಡರ್ ಡಬ್ಬ ಮಾರೋಕೆ ಬಂದ್ರೆ ತಗೋಬೇಡಿ.

ನಿವೃತ್ತ_ಟೀಚರ್_ಚಿಕ್ಕಬಳ್ಳಾಪುರ:

ಮಗಳೇ, ನನಗೆ 74. ನಾನೇ ಒಬ್ಬ ಹುಡುಗಿಯ ಹತ್ತಿರ ವಾರಕ್ಕೆ ಎರಡು ದಿನ ಕಲಿಯುತ್ತಿದ್ದೇನೆ, ಆದ್ದರಿಂದ ನಿನ್ನ ತಾಯಿಯ ಪರವಾಗಿ ಬರೆಯುತ್ತೇನೆ.

ಅವರನ್ನು ಒಮ್ಮೆ ಕೇಳು, ‘ಅಮ್ಮ, ನಿನಗೆ ಏನು ಮಾಡಬೇಕು ಅಂತ ಆಸೆ?’ ಎಂದು. ನನ್ನ ಟ್ರೈನರ್ ಕೇಳಿದ್ದು ಅದನ್ನೇ. ನಾನು ಹೇಳಿದ್ದು ಬಸ್ಸು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದಾಗ ನನ್ನ ವಾರಿಗೆಯವರೆಲ್ಲ ಘಾಟಿಗೆ, ಧರ್ಮಸ್ಥಳಕ್ಕೆ ಹೊರಟರು. ನನಗೆ ಆ ಮೊದಲನೆಯ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಕಂಡಕ್ಟರ್ ‘ಬೇಗ ಅಜ್ಜಿ, ಬೇಗ’ ಎಂದಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಆ ಹುಡುಗಿ ಬಸ್ ಸ್ಟ್ಯಾಂಡಿಗೆ ಹೋಗಿ ಮೆಟ್ಟಿಲಿನ ಎತ್ತರ ಅಳೆದು ಬಂದಳು. ಮನೆಯಲ್ಲಿ ಮೊದಲು ಒಂದು ಇಟ್ಟಿಗೆಯಷ್ಟು ಎತ್ತರದ ಮಣೆ, ಕಿಟಕಿ ಸರಳು ಹಿಡಿದು ಹತ್ತುವುದು, ಇಳಿಯುವುದು. ಆಮೇಲೆ ಎತ್ತರ ಹೆಚ್ಚಿಸಿದಳು. ಆಮೇಲೆ ಎಡಗೈಗೆ ತರಕಾರಿ ಚೀಲ ಕೊಟ್ಟಳು, ಏಕೆಂದರೆ ಬರಿಗೈಯಲ್ಲಿ ಬಸ್ಸು ಹತ್ತುವವರು ಯಾರು? ಈಗ ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಗೆ ಒಬ್ಬಳೇ ಹೋಗಿ ಬರುತ್ತೇನೆ, ಆ ಹೊಸ್ತಿಲುಗಳನ್ನೆಲ್ಲ ದಾಟುತ್ತೇನೆ.

ಇನ್ನೊಂದು. ಹಬ್ಬದಲ್ಲಿ ಎಲ್ಲರೆದುರು ಎತ್ತಿಸಿಕೊಂಡ ನಾಚಿಕೆ ಅವರೊಳಗೆ ಇದ್ದೇ ಇರುತ್ತದೆ. ಶುರುವಿನಲ್ಲಿ ಮೊಮ್ಮಕ್ಕಳು, ನೆಂಟರು ನೋಡದ ಹೊತ್ತಿನಲ್ಲಿ ಮಾಡಿಸು.

ಪಾವಗಡದವನು:

ಮಧ್ಯೆ ಕೇಳ್ತಿರೋದಕ್ಕೆ ಕ್ಷಮಿಸಿ. ನಮ್ಮ ತಂದೆಗೆ 68, ಬೆನ್ನು, ಕತ್ತು ಮರದ ಹಾಗೆ ಬಿಗಿದುಬಿಟ್ಟಿದೆ. ಎಷ್ಟೋ ವರ್ಷದಿಂದ ಬೋರ್‌ವೆಲ್ ನೀರೇ ಕುಡಿದವರು. ಟ್ರೈನರ್ ಒಬ್ಬರು ಸ್ಟ್ರೆಚಿಂಗ್ ಮಾಡಿಸಿ ಸಡಿಲ ಮಾಡ್ತೀನಿ ಅಂತಿದ್ದಾರೆ. ಮಾಡಿಸಬಹುದಾ?

ಫಿಸಿಯೋ_ಬಟವಾಡಿ:

ಸರ್, ಸದ್ಯಕ್ಕೆ ಬೇಡ. ಪಾವಗಡ, ಬಾಗೇಪಲ್ಲಿ ಕಡೆ ಅಂದ್ರೆ ಮೊದಲು ಫ್ಲೋರೈಡ್ ಸಂಶಯ ಬರಬೇಕು. ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡನ್ನ ಎಷ್ಟೋ ವರ್ಷ ಕುಡಿದವರಿಗೆ ಮೂಳೆ ಕಟ್ಟೋ ನಾರುಗಳಲ್ಲೇ ಸುಣ್ಣ ಕೂತು ಬೆನ್ನು ಬಿಗಿಯುತ್ತೆ. ಆ ಬಿಗಿತ ಎಳೆದ್ರೆ ಸಡಿಲ ಆಗೋ ಥರದ್ದಲ್ಲ. ಎಕ್ಸ್‌ರೇಯಲ್ಲಿ ಮೂಳೆ ದಟ್ಟವಾಗಿ ಕಂಡ್ರೂ ಒಳಗೆ ಸುಲಭವಾಗಿ ಮುರಿಯೋ ಹಾಗೆ ಪೆಡಸಾಗಿರುತ್ತೆ. ಕತ್ತು ಹಿಡಿದು ತಿರುಗಿಸೋದು, ಬೆನ್ನ ಮೇಲೆ ಒತ್ತೋದು ಯಾರಿಗೂ ಬಿಡಬೇಡಿ. ಮೂಳೆ ಡಾಕ್ಟರಿಗೆ ತೋರಿಸಿ, ಕೈಕಾಲು ಜೋಮು ಅಥವಾ ನಡಿಗೆ ತೊಡರೋದು ಇದ್ರೆ ತಡ ಮಾಡಲೇಬೇಡಿ, ನರ ಒತ್ತಿರಬಹುದು. ಅವರು ಸರಿ ಅಂದಮೇಲೆ ಕುರ್ಚಿಯಿಂದ ಏಳೋ ವ್ಯಾಯಾಮ ನಿಮ್ಮ ತಂದೆಗೂ ಆಗುತ್ತೆ. ಬೆನ್ನು ಬಗ್ಗದಿದ್ರೂ ಸೊಂಟದಿಂದ ಎಷ್ಟು ಬಾಗೋಕಾಗುತ್ತೋ ನೋಡಿ ಕುರ್ಚಿ ಎತ್ತರ ಇಡಬೇಕು. ನೀರು ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ, ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯೋಕೂ ಅಡುಗೆಗೂ ಬಳಸಿ.

ಕೋಲಾರದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀಚರ್ ಅಮ್ಮ, ನೀವು ಹೇಳಿದ್ದು ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮೂರ ಬೆಟ್ಟದಲ್ಲಿರೋ ಅಂತರಗಂಗೆ ಗುಡಿಯ ಮೆಟ್ಟಿಲು ಹತ್ತಬೇಕು ಅಂದ್ರು. ಆ ಹುಡುಗನಿಗೆ ಮಾತ್ರೆ ಚೀಟಿ ವಾಟ್ಸಾಪ್ ಮಾಡಿದ್ದೀನಿ. ಅವನೇ ಫೋನ್ ಮಾಡಿ, ಇದರಲ್ಲಿ ಗ್ಲಿಮೆಪಿರೈಡ್ ಇದೆ, ತಿಂಡಿ ಆಗಿ ಒಂದು ಗಂಟೆ ಮೇಲೆ ಬರ್ತೀನಿ ಅಂದ. ನಂಬಿಕೆ ಬಂತು. ಒಂದೇ ಅನುಮಾನ, ನೆಲದಿಂದ ಏಳೋದನ್ನ ಯಾವಾಗ ಶುರು ಮಾಡಿಸಲಿ?

ಫಿಸಿಯೋ_ಬಟವಾಡಿ:

ಒಳ್ಳೆ ಹುಡುಗನೇ ಸಿಕ್ಕಿದ್ದಾನೆ. ಮಾಮೂಲಿ ಕುರ್ಚಿಯಿಂದ ಜಮಖಾನ ಇಲ್ಲದೆ, ಕೈ ಊರದೆ 8 ಸಲ ಎದ್ದಮೇಲೆ ನೆಲಕ್ಕೆ ಇಳಿಸಿ. ದಪ್ಪ ಹಾಸಿಗೆ ಹಾಸಿ, ದಿವಾನ್ ಕಾಟ್ ಪಕ್ಕದಲ್ಲೇ. ಏಳುವಾಗ ಒಂದು ಮಗ್ಗುಲಿಗೆ ತಿರುಗಿ ಮೊಳಕೈ ಊರಿ, ಅಂಬೆಗಾಲಿಗೆ ಬಂದು, ದಿವಾನ್ ಮೇಲೆ ಎರಡೂ ಅಂಗೈ ಇಟ್ಟು, ನೋವು ಕಮ್ಮಿ ಇರೋ ಕಾಲಿನ ಪಾದ ಮುಂದೆ ಊರಿ ಮೇಲೆ ಒತ್ತಬೇಕು. ಮಂಡಿ ಕೆಳಗೆ ದಿಂಬು ಇರಲಿ. ನೀವು ಕಂಕುಳಿಗೆ ಕೈ ಹಾಕಿ ಎಳೀಬೇಡಿ, ಹೆಗಲಿಗೆ ಪೆಟ್ಟಾಗುತ್ತೆ. ಸೊಂಟದ ಹತ್ತಿರ ಕೈ ಇಟ್ಕೊಂಡು ಪಕ್ಕದಲ್ಲಿರಿ. ಅಂತರಗಂಗೆಗೆ ಮನೆ ಮೆಟ್ಟಿಲಿಂದಲೇ ಅಭ್ಯಾಸ ಶುರು ಮಾಡಿ, ಇಳಿಯೋದಕ್ಕೆ ಹತ್ತೋದಕ್ಕಿಂತ ಜಾಸ್ತಿ ಗಮನ ಕೊಡಿ. ಮೊದಲ ತಿಂಗಳ ಅಂಕ ಇಲ್ಲಿ ಹಾಕಿ, ನೋಡಿ ಮುಂದಿನದು ಹೇಳ್ತೀನಿ.