ಮಳೆಗಾಲ, ಹಳೆ ಲೆನ್ಸ್, ಬೂಷ್ಟು: ಈ ವಾರದ ಪ್ರಶ್ನೋತ್ತರ

(ಶಿವಮೊಗ್ಗದಲ್ಲಿ ಕ್ಯಾಮೆರಾ ರಿಪೇರಿ ಮಾಡುವವರು ಗುಂಪಿನ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ. ಸದಸ್ಯರನ್ನು ಊರಿನ ಹೆಸರಲ್ಲೇ ಹಾಕಿದ್ದೇವೆ.)

ಸಾಗರ: ಸರ್, ಲೆನ್ಸ್ ಒಳಗೆ ಜೇಡರ ಬಲೆ ತರ ಬಿಳಿ ಎಳೆ ಬಂದಿದೆ. ಏನಿದು?

ರಿಪೇರಿಯವರು: ಬೂಷ್ಟು. ಬೇಗ ಒರೆಸಿದರೆ ಹೋಗುತ್ತದೆ. ತಡವಾದರೆ ಕೋಟಿಂಗ್ (ಗಾಜಿನ ಮೇಲಿನ ತೆಳು ಲೇಪ) ತಿಂದು ಗುರುತು ಉಳಿಸುತ್ತದೆ.

ಹೊಸನಗರ: ನಂದೂ ಅದೇ ಕತೆ. ಏನು ಹಚ್ಚಬೇಕು? ಒಂದು ಯಾಶಿಕಾ ಕ್ಯಾಮೆರಾ ಕೂಡ ಇದೆ, ಮಾರಿದರೆ ಎಷ್ಟು ಬರಬಹುದು?

ತೀರ್ಥಹಳ್ಳಿ: ಅಣ್ಣ, ಅಪ್ಪಯ್ಯನ ಝೆನಿಟ್ ಕ್ಯಾಮೆರಾದ ಹೀಲಿಯೋಸ್ 44-2 ಲೆನ್ಸ್. ಚರ್ಮದ ಚೀಲದಲ್ಲೇ ಅಟ್ಟದ ಮೇಲಿತ್ತು. ಮುಂದಿನ ಗಾಜಿನ ಹಿಂದೆ ಕವಲು ಕವಲಾಗಿ ಎಳೆ ಇದೆ. ಇನ್ನೂ ಒಳಗೆ, ಅಂಚಿನಿಂದ ಅರ್ಧಚಂದ್ರದ ಹಾಗೆ ಬಣ್ಣಬಣ್ಣದ ಕಲೆ, ನೀರಿನ ಮೇಲೆ ಸೀಮೆಎಣ್ಣೆ ಬಿದ್ದಂತೆ. ಎರಡನ್ನೂ ಒರೆಸಬಹುದಾ? ಮುಂದಿನ ರಿಂಗ್ ಬಿಚ್ಚಿಟ್ಟಿದ್ದೇನೆ.

ರಿಪೇರಿಯವರು: ತಂಗಿ, ಸದ್ಯಕ್ಕೆ ಅಲ್ಲಿಗೇ ನಿಲ್ಲಿಸು. ಎಳೆ ಬೂಷ್ಟು. ಬಣ್ಣದ ಕಲೆ ಬೂಷ್ಟಲ್ಲ. ಈ ಲೆನ್ಸಿನಲ್ಲಿ ಆರು ಗಾಜು. ನಡುವೆ ಬೆಳಕು ಹೆಚ್ಚುಕಡಿಮೆ ಮಾಡುವ ಎಲೆಗಳಿವೆ, ಅದೇ ಡಯಾಫ್ರಮ್. ಡಯಾಫ್ರಮ್‌ನ ಮುಂದೊಂದು, ಹಿಂದೊಂದು ಜೋಡಿ, ಎರಡೆರಡು ಗಾಜು ಅಂಟಿಸಿದ್ದು. ಆ ಅಂಟು ಬಿಟ್ಟುಕೊಂಡಾಗ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ. ಹೊರಗಿನಿಂದ ಎಷ್ಟು ಒರೆಸಿದರೂ ಹೋಗದು. ಸ್ಪಿರಿಟ್ ಆ ಸಂದಿಗೆ ಇಳಿದರೆ ಕಲೆ ದೊಡ್ಡದಾಗುತ್ತದೆ. ಬಿಸಿ ಮಾಡಿ ಬಿಡಿಸಲು ಹೋಗಬೇಡ. ಮತ್ತೆ ಅಂಟಿಸುವಾಗ ಕೂದಲಿನಷ್ಟು ಸರಿದರೂ ಲೆನ್ಸ್ ಕೆಟ್ಟಿತು. ಅಂಚಿನ ಕಲೆ ಫೋಟೋದಲ್ಲಿ ಹೆಚ್ಚೇನೂ ತೋರುವುದಿಲ್ಲ, ಅದರ ಪಾಡಿಗೆ ಬಿಡು.

ಎಳೆಗೆ ಮಾತ್ರ ಕೈ ಹಾಕು. ಬಿಚ್ಚುವ ಪ್ರತಿ ಹಂತದ ಫೋಟೋ ತೆಗೆದಿಡು. ಬ್ಲೋವರ್‌ನಿಂದ ಧೂಳು ಊದು, ಬಾಯಿಂದ ಬೇಡ, ಎಂಜಲು ಹಾರುತ್ತದೆ. ಮೆಡಿಕಲ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸಿಗುತ್ತದೆ. 6% ಇದ್ದರೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಸೇರಿಸು, 3% ಆಗುತ್ತದೆ. ಲೆನ್ಸ್ ಟಿಶ್ಯೂ ತೇವ ಮಾಡಿ, ನಡುವಿನಿಂದ ಅಂಚಿಗೆ ಸುತ್ತುತ್ತಾ ಹಗುರವಾಗಿ ಒರೆಸು. ಒಂದು ಟಿಶ್ಯೂ ಒಂದೇ ಸಲ. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್. ಹಿಂದಿನಿಂದ ಟಾರ್ಚ್ ಬಿಟ್ಟು ನೋಡು. ಎಳೆ ಹೋಗಿ ಅದರ ಜಾಡು ಉಳಿದಿದ್ದರೆ ಕೋಟಿಂಗ್ ಹೋಗಿದೆ ಅಂತ ಅರ್ಥ. ಉಜ್ಜಬೇಡ.

ಭದ್ರಾವತಿ: ನನಗೆ ಬಂದ ಮೆಸೇಜ್: "ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹಳೆ ಲೆನ್ಸ್ ಹೊಸದಾಗುತ್ತದೆ. ಬೂಷ್ಟಿಗೆ ಅಮೋನಿಯ, ಬ್ಲೀಚ್ ಬೆರೆಸಿ ಹಚ್ಚಿ."

ರಿಪೇರಿಯವರು: ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ಕೋಟಿಂಗ್‌ನ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲು. ಟೂತ್‌ಪೇಸ್ಟ್‌ನ ಪುಡಿ ಅದನ್ನು ಕೆರೆದುಬಿಡುತ್ತದೆ. ಅಮೋನಿಯಕ್ಕೆ ಬ್ಲೀಚ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಲೆನ್ಸ್ ಅಲ್ಲ, ಮನುಷ್ಯರೇ ಹೋಗುತ್ತಾರೆ.

ಹೊಸನಗರ: ಏನು ಹಚ್ಚಬೇಕು ಅಂತ ಹೇಳಲೇ ಇಲ್ಲ ಸರ್.

ರಿಪೇರಿಯವರು: ಮೇಲೆ ಬರೆದಿದ್ದೇನೆ. ಓದಿ.

ಆಗುಂಬೆ: ಬಿಸಿಲಿಗಿಟ್ಟರೆ ಬೂಷ್ಟು ಸಾಯುತ್ತದೆ ಅಲ್ವಾ?

ಭದ್ರಾವತಿ: ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ಬಿಸಿಲೆಲ್ಲಿದೆ? ಅಕ್ಕಿ ಡಬ್ಬಿಯಲ್ಲಿಡಿ.

ಆಗುಂಬೆ: ನಮ್ಮಲ್ಲಿ ಅಕ್ಕಿಗೇ ಬೂಷ್ಟು ಬರುತ್ತದೆ. ಇಲ್ಲಿ ಬಂದು ಒಂದು ಮಳೆಗಾಲ ಕಳೆದು ಆಮೇಲೆ ಹೇಳಿ.

ಸಾಗರ: ಒಲೆ ಮೇಲಿನ ಅಟ್ಟ ಎಲ್ಲಕ್ಕಿಂತ ಒಳ್ಳೆಯದು. ನಮ್ಮಜ್ಜ ರೇಡಿಯೋ ಅಲ್ಲೇ ಇಡುತ್ತಿದ್ದರು.

ಭದ್ರಾವತಿ: ರೇಡಿಯೋಗೂ ಲೆನ್ಸಿಗೂ ಏನ್ರೀ ಸಂಬಂಧ? ಗೊತ್ತಿಲ್ಲದಿದ್ದರೆ ಸುಮ್ನಿರಿ.

ಸಾಗರ: ಟೂತ್‌ಪೇಸ್ಟ್ ಕಳಿಸಿದವರು ನೀವು. ನನಗೆ ಹೇಳಬೇಡಿ.

ರಿಪೇರಿಯವರು: ಮೂರೂ ಬೇಡ. ಅಕ್ಕಿಯ ಹಿಟ್ಟು ರಿಂಗ್ ಸಂದಿಗೆ ಇಳಿಯುತ್ತದೆ, ಹೊಗೆ ಗಾಜಿಗೆ ಜಿಡ್ಡು ಹಿಡಿಸುತ್ತದೆ. ಬಿಸಿಲಿಗೆ ಒಡ್ಡಿದ ಲೆನ್ಸ್ ಭೂತಗನ್ನಡಿಯಂತೆ ಬೆಳಕು ಒಟ್ಟುಮಾಡಿ ಬಟ್ಟೆ ಸುಟ್ಟೀತು. ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಹರಳು, ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಸಾಕು. ತೇವ 40ರಿಂದ 50% ಇರಲಿ. ನೀಲಿ ಜೆಲ್ ಗುಲಾಬಿಯಾದರೆ ಹುರಿದು ಒಣಗಿಸಿ. ಚರ್ಮದ ಚೀಲ ಬೇಡ, ಅದು ತೇವ ಹಿಡಿದಿಡುತ್ತದೆ.

ಸಾಗರ: ಫೋಕಸ್ ರಿಂಗ್ ಗಟ್ಟಿಯಾಗಿದೆ. ತೆಂಗಿನೆಣ್ಣೆ ಬಿಡಲಾ?

ರಿಪೇರಿಯವರು: ಬೇಡ. ಎಣ್ಣೆ ಹರಿದು ಡಯಾಫ್ರಮ್ ಎಲೆಗಳು ಅಂಟಿಕೊಳ್ಳುತ್ತವೆ.

ಹೊಸನಗರ: ಯಾಶಿಕಾ ರೇಟು ಸರ್?

ತೀರ್ಥಹಳ್ಳಿ: ಅಣ್ಣ, ಎಳೆ ಪೂರ್ತಿ ಹೋಯಿತು! ಟಾರ್ಚ್ ಬಿಟ್ಟರೆ ಒಂದೇ ಒಂದು ಕವಲಿನ ಜಾಡು ಕಾಣುತ್ತದೆ. ಅರ್ಧಚಂದ್ರ ಹಾಗೇ ಇದೆ, ಮುಟ್ಟಿಲ್ಲ. ಆದರೆ ಮುಂದಿನ ರಿಂಗ್ ಕೂರುತ್ತಿಲ್ಲ, ವಾಲುತ್ತಿದೆ.

ರಿಪೇರಿಯವರು: ಒತ್ತಬೇಡ, ರಿಂಗಿನ ತಿರುಪಿನ ಗೀರು ಹಾಳಾಗುತ್ತದೆ. ಲೆನ್ಸನ್ನು ನೆಟ್ಟಗೆ ಮೇಜಿನ ಮೇಲಿಡು. ರಿಂಗನ್ನು ಮೊದಲು ಬಿಚ್ಚುವ ಕಡೆಗೆ ನಿಧಾನ ತಿರುಗಿಸು. ಟಕ್ ಅಂತ ಸಣ್ಣಗೆ ಕೆಳಗಿಳಿಯುತ್ತದೆ. ಆಮೇಲೆ ಬಿಗಿ ಮಾಡು.