ಮಾರ್ಚ್ ಬಿಸಿಲಲ್ಲಿ ಫೀಲ್ಡ್ ಎಕ್ಸರ್‌ಸೈಜ್: ತಲೆಗೆ ಎಷ್ಟು ಲೀಟರ್ ನೀರು?

ಎನ್‌ಸಿಸಿ_ಮಂಡ್ಯ
ನಮಸ್ಕಾರ. ಮಾರ್ಚ್ ಕೊನೇ ವಾರದಲ್ಲಿ 60 ಕೆಡೆಟ್‌ಗಳಿಗೆ ಎರಡು ಹಗಲು, ಒಂದು ರಾತ್ರಿಯ ಫೀಲ್ಡ್ ಎಕ್ಸರ್‌ಸೈಜ್ ಇದೆ. ಜಾಗ ಪಾಂಡವಪುರದ ಕುಂತಿಬೆಟ್ಟದ ತಪ್ಪಲು, ತೊಣ್ಣೂರು ಕೆರೆ ಕಡೆ. ದಿನಕ್ಕೆ 14 ಕಿ.ಮೀ. ರೂಟ್ ಮಾರ್ಚ್, ಅದರ ಮೇಲೆ ಎರಡು ಗಂಟೆ ಫೀಲ್ಡ್ ಕ್ರಾಫ್ಟ್ (ತೆವಳೋದು, ಕಣ್ಣಿಗೆ ಬೀಳದೆ ಸಾಗೋದು ಇಂಥ ಅಭ್ಯಾಸ). ಬೆನ್ನಿಗೆ ಪಿಟ್ಟು (ಸಾಮಾನಿನ ಬೆನ್ನುಚೀಲ) ಇರುತ್ತೆ. ಎಲ್ಲರ ಹತ್ರ ಒಂದೊಂದು ಲೀಟರ್ ಬಾಟಲಿ ಇದೆ. ಇನ್ನೊಂದು ಕೊಡಿಸಿದರೆ ಸಾಕಾ? ಟ್ರ್ಯಾಕ್ಟರ್ ಟ್ಯಾಂಕರ್ ನಿಲ್ಲಿಸೋದಾ, ಹೊತ್ತುಕೊಂಡೇ ಹೋಗೋದಾ? ಕೆರೆ ಅಥವಾ ನಾಲೆ ನೀರಿಗೆ ಕ್ಲೋರಿನ್ ಮಾತ್ರೆ ಹಾಕಿದರೆ ಆಯ್ತು ಅಂತಲೂ ಕೆಲವರು ಹೇಳ್ತಿದ್ದಾರೆ. ಲೆಕ್ಕ ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ನಿವೃತ್ತ_ಹವಾಲ್ದಾರ್
ಸರ್, ಬಾಟಲಿ ಎಣಿಸೋದು ಆಮೇಲೆ. ಮೊದಲು ಗಂಟೆ ಎಣಿಸಿ.

ಪಿಟ್ಟು ಹಾಕ್ಕೊಂಡು 14 ಕಿ.ಮೀ. ಅಂದ್ರೆ ನಾಲ್ಕು ಗಂಟೆ ನಡಿಗೆ. ಫೀಲ್ಡ್ ಕ್ರಾಫ್ಟ್ ಸೇರಿ ಆರು ಗಂಟೆ ಬೆವರು ಸುರಿಯೋ ಕೆಲಸ. ಅಮೆರಿಕದ ಸೇನೆ ಬಿಸಿಲಲ್ಲಿ ಮಧ್ಯಮ ಶ್ರಮಕ್ಕೆ ಇಟ್ಟಿರೋ ಲೆಕ್ಕ ಗಂಟೆಗೆ ಮುಕ್ಕಾಲು ಕ್ವಾರ್ಟ್, ಅಂದ್ರೆ ಸುಮಾರು 700 ಮಿ.ಲೀ. ಆರು ಗಂಟೆಗೆ 4.2 ಲೀಟರ್ ಆಯ್ತು. ಉಳಿದ ಹೊತ್ತಿಗೆ ಎರಡೂವರೆಯಿಂದ ಮೂರು ಲೀಟರ್ ಸೇರಿಸಿ. ಕುಡಿಯೋದಕ್ಕೇ ತಲೆಗೆ ದಿನಕ್ಕೆ 7 ಲೀಟರ್ ಇಟ್ಕೊಳ್ಳಿ. ಅಡುಗೆ, ಪಾತ್ರೆ, ಕೈ ತೊಳೆಯೋಕೆ ಇನ್ನೊಂದು 5. ತಲೆಗೆ 12 ಅಂದ್ರೆ 60 ಜನಕ್ಕೆ ದಿನಕ್ಕೆ 720, ಎರಡು ದಿನಕ್ಕೆ 1440. ಚೆಲ್ಲೋದು, ಸೋರೋದು ಅಂತ ಐದನೇ ಒಂದು ಭಾಗ ಜಾಸ್ತಿ ಹಿಡಿದರೆ 1730 ಲೀಟರ್ ಹತ್ರ ಬರುತ್ತೆ.

7 ಲೀಟರ್ ನೀರು 7 ಕೆ.ಜಿ. 55 ಕೆ.ಜಿ. ಹುಡುಗನ ಬೆನ್ನಿಗೆ ಅದನ್ನ ಹೇರಿದರೆ ಆ ಭಾರಕ್ಕೇ ಇನ್ನೂ ಬೆವರ್ತಾನೆ. ಮೈಮೇಲೆ ಮೂರು ಲೀಟರ್ ಸಾಕು: ಬೆಲ್ಟ್‌ನಲ್ಲಿ ಒಂದೊಂದು ಲೀಟರಿನ ಎರಡು ಬಾಟಲಿ, ಪಿಟ್ಟು ಒಳಗೆ ಒಂದು. ಒಳಗಿನದು ಬೆನ್ನಿಗೆ ಅಂಟಿಕೊಂಡು, ಮೇಲ್ಭಾಗದಲ್ಲಿ ಇರಲಿ. ಕೆಳಗೆ, ಹೊರಗಡೆ ಜೇಬಿಗೆ ಹಾಕಿದರೆ ಪಿಟ್ಟು ಹಿಂದಕ್ಕೆ ಎಳೆಯುತ್ತೆ, ಹುಡುಗ ಸೊಂಟ ಬಗ್ಗಿಸಿ ನಡೆಯೋಕೆ ಶುರು ಮಾಡ್ತಾನೆ.

ಉಳಿದದ್ದು ವಾಟರ್ ಪಾಯಿಂಟ್ ಮೇಲೆ ನಿಂತಿದೆ. ನಾಲ್ಕೈದು ಕಿ.ಮೀ.ಗೆ ಒಂದು ಬೇಕು, ಮ್ಯಾಪ್ ಮೇಲೆ ಗುರುತು ಹಾಕಿರಬೇಕು, ಪಡೆ ಬರೋ ಅರ್ಧ ಗಂಟೆ ಮುಂಚೆ ಅಲ್ಲಿ ನೀರು ನಿಂತಿರಬೇಕು. ನಲ್ಲಿ ಎಷ್ಟು ಅಂತ ನೋಡೋದನ್ನ ಬಹಳ ಜನ ಮರೀತಾರೆ. ನಿಮಿಷಕ್ಕೆ 6 ಲೀಟರ್ ಬಿಡೋ ಒಂದೇ ನಲ್ಲಿ ಇದ್ದರೆ 60 ಜನ ಎರಡೆರಡು ಬಾಟಲಿ ತುಂಬಿಸೋಕೆ 20 ನಿಮಿಷ, ಮುಚ್ಚಳ ತೆಗೆದು ಹಾಕೋ ಹೊತ್ತು ಬೇರೆ. ಬಿಸಿಲಲ್ಲಿ ಕ್ಯೂ ನಿಂತು ಸಾಕಾಗಿ ಅರ್ಧ ತುಂಬಿಸ್ಕೊಂಡು ಹೊರಟುಬಿಡ್ತಾರೆ. ನಾಲ್ಕು ನಲ್ಲಿ ಇರೋ ಪೈಪ್ ಒಂದನ್ನ ವೆಲ್ಡಿಂಗ್ ಅಂಗಡೀಲಿ ಮಾಡಿಸಿ ಟ್ಯಾಂಕರ್‌ಗೆ ಜೋಡಿಸಿ. ಟ್ಯಾಂಕರ್ ವಾಲ್ವೇ ನಿಧಾನ ಇದ್ದರೆ ನಾಲ್ಕು ನಲ್ಲಿ ಇದ್ದೂ ಉಪಯೋಗ ಇಲ್ಲ, ಮೊದಲೇ ಬಿಟ್ಟು ನೋಡಿ.

ಟ್ಯಾಂಕರ್ ಒಂದನ್ನೇ ನಂಬಬೇಡಿ. ನಾಲೆ ಏರಿ ಮೇಲೆ ಚಕ್ರ ಹೂತರೆ ಎಲ್ಲರ ನೀರೂ ಅಲ್ಲೇ ನಿಂತುಬಿಡುತ್ತೆ. 20 ಲೀಟರಿನ ಎಂಟು ಜೆರಿಕ್ಯಾನ್ ಬೇರೆ ಗಾಡೀಲಿ ಇರಲಿ. 160 ಲೀಟರ್, ತಲೆಗೆ ಎರಡೂವರೆ ಲೀಟರ್ ಮೇಲೇ ಆಯ್ತು. ಇನ್ನೊಂದು ಗಾಡಿ ಬರೋವರೆಗೆ ಸಾಕು. ಡೀಸೆಲ್ ತುಂಬಿದ್ದ ಕ್ಯಾನ್ ಎಷ್ಟು ತೊಳೆದರೂ ಬೇಡ.

ಬಾಟಲಿ ವಿಷಯ: ಮುಚ್ಚಳದ ಒಳಗಿನ ರಬ್ಬರ್ ವಾಷರ್ ಹಿಂದಿನ ದಿನವೇ ನೋಡಿ. ತುಂಬಿಸಿ ತಲೆಕೆಳಗು ಮಾಡಿ ಹತ್ತು ನಿಮಿಷ ಇಟ್ಟರೆ ಸೋರಿಕೆ ಗೊತ್ತಾಗುತ್ತೆ. ಒಂದು ಬಾಟಲಿ ಪೂರ್ತಿ ಖಾಲಿ ಮಾಡಿದ ಮೇಲೇ ಇನ್ನೊಂದು ತೆಗೆಯೋ ಅಭ್ಯಾಸ ಮಾಡಿಸಿ. ಅರ್ಧ ಬಾಟಲಿ ರಾತ್ರಿ ಹೊತ್ತು ಕುಲುಕಾಡಿ ಸದ್ದು ಮಾಡುತ್ತೆ, ಎಷ್ಟು ಉಳಿದಿದೆ ಅಂತಲೂ ಅಂದಾಜು ಸಿಗಲ್ಲ. ಪೈಪ್ ಇರೋ ನೀರಿನ ಚೀಲ ನಡೀತಾ ಕುಡಿಯೋಕೆ ಒಳ್ಳೇದು, ಆದರೆ ಬೆನ್ನ ಹಿಂದೆ ಎಷ್ಟು ಮುಗಿದಿದೆ ಅಂತ ಕಾಣಲ್ಲ. ತೆವಳುವಾಗ ಬಾಯಿ ವಾಲ್ವ್ ಮೇಲೆ ಎದೆ ಒತ್ತಿದರೆ ನೀರೆಲ್ಲ ಅಂಗಿಗೆ.

ಆರೋಗ್ಯ_ನಿರೀಕ್ಷಕ
ಪ್ರಮಾಣದ ಲೆಕ್ಕವನ್ನು ಹವಾಲ್ದಾರರು ಸರಿಯಾಗಿ ಹೇಳಿದ್ದಾರೆ. ನೀರಿನ ಗುಣದ ಬಗ್ಗೆ ನಾನು ಹೇಳುತ್ತೇನೆ.

ಮೊದಲಿಗೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರನ್ನು ಕುಡಿಸಬೇಡಿ. ಗದ್ದೆಗಳಿಂದ ಬಸಿದು ಬರುವ ಹಳ್ಳದ ನೀರಂತೂ ಬೇಡವೇ ಬೇಡ. ಕ್ಲೋರಿನ್ ಕೊಲ್ಲುವುದು ರೋಗಾಣುಗಳನ್ನು. ಭತ್ತ, ಕಬ್ಬಿಗೆ ಹೊಡೆದ ಕೀಟನಾಶಕ ಹಾಗೇ ಉಳಿಯುತ್ತದೆ. ತೊಣ್ಣೂರು ಕೆರೆ ನೋಡಲು ತಿಳಿಯಾಗಿದೆ ಎಂದು ಕೆಡೆಟ್‌ಗಳು ಬಾಟಲಿ ಅದ್ದದಂತೆ ನೋಡಿಕೊಳ್ಳಿ. ಬೋರ್‌ವೆಲ್ ಆದರೆ ಫ್ಲೋರೈಡ್, ನೈಟ್ರೇಟ್ ಪರೀಕ್ಷೆ ಆಗಿದೆಯೇ ಕೇಳಿ. ಇವೆರಡೂ ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಾಢವಾಗುತ್ತವೆ.

ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ ಒಳ್ಳೆಯ ಮೂಲ. ಗಂಟೆಗೆ ಎಷ್ಟು ಲೀಟರ್ ಕೊಡುತ್ತದೆ, ಕರೆಂಟ್ ಯಾವಾಗ ಇರುತ್ತದೆ ಎಂದು ವಿಚಾರಿಸಿ ಹಿಂದಿನ ದಿನವೇ ತುಂಬಿಸಿ. ಆ ನೀರಿನಲ್ಲಿ ಉಳಿಕೆ ಕ್ಲೋರಿನ್ (ರೋಗಾಣು ಕೊಂದ ಮೇಲೂ ನೀರಿನಲ್ಲಿ ಉಳಿಯುವ ಕ್ಲೋರಿನ್) ಇರುವುದಿಲ್ಲ. ಕೊಳೆ ಕ್ಯಾನಿಗೆ ತುಂಬಿದರೆ ಬಿಸಿಲಿಗೆ ಬೇಗ ಕೆಡುತ್ತದೆ.

ಬಾಡಿಗೆ ಟ್ಯಾಂಕರ್ ಹಿಂದಿನ ವಾರ ಕಟ್ಟಡದ ಕೆಲಸಕ್ಕೆ ಹೋಗಿರಬಹುದು. ಮುಚ್ಚಳ ತೆಗೆಸಿ ಟಾರ್ಚ್ ಬಿಟ್ಟು ನೋಡಿ. ತಳದ ಕೆಸರು, ಗೋಡೆಯ ಪಾಚಿ ಉಜ್ಜಿ ತೆಗೆಸಿ. ಆಮೇಲೆ ಪೂರ್ತಿ ತುಂಬಿಸಿ, 1000 ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪುಡಿ ಹಾಕಿ 24 ಗಂಟೆ ಬಿಟ್ಟು, ನಲ್ಲಿಗಳ ಮೂಲಕವೇ ಹೊರಗೆ ಬಿಡಿ. ಇದು ತೊಳೆಯುವ ನೀರು, ಕುಡಿಯುವುದಕ್ಕಲ್ಲ. ನಂತರ ಒಳ್ಳೆಯ ನೀರಿನಲ್ಲಿ ಜಾಲಿಸಿ ತುಂಬಿಸಿ.

ಕುಡಿಯುವ ನೀರಿಗೆ ಪುಡಿ ಎಷ್ಟು ಎನ್ನುವುದಕ್ಕೆ ಹಾರಕ್ಸ್ ಉಪಕರಣ ಇದೆ. ಸೇನೆಯ ವೈದ್ಯಾಧಿಕಾರಿಯೊಬ್ಬರ ಹೆಸರಿನದು, ಈಗಲೂ ಆರೋಗ್ಯ ಸಿಬ್ಬಂದಿ ಬಳಸುತ್ತಾರೆ. ಕಪ್ಪು ಬಟ್ಟಲಿನಲ್ಲಿ 2 ಗ್ರಾಂ ಚಮಚದಷ್ಟು ಪುಡಿಯನ್ನು ಕಲಸಿ, ಗೆರೆಯವರೆಗೆ ನೀರು ತುಂಬಿ, ತಿಳಿಯಾಗಲು ಬಿಡಬೇಕು. ಆರು ಬಿಳಿ ಬಟ್ಟಲುಗಳಿಗೆ ಪರೀಕ್ಷಿಸುವ ನೀರು ಹಾಕಿ, ಆ ತಿಳಿಯನ್ನು ಮೊದಲನೆಯದಕ್ಕೆ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ. ಕಲಕಿ ಅರ್ಧ ಗಂಟೆ ಬಿಟ್ಟು, ಪ್ರತಿಯೊಂದಕ್ಕೂ ಮೂರು ಹನಿ ಸೂಚಕ ದ್ರಾವಣ. ಮೊದಲು ಸ್ಪಷ್ಟ ನೀಲಿ ಬಂದದ್ದು ಮೂರನೇ ಬಟ್ಟಲಾದರೆ 455 ಲೀಟರಿಗೆ ಮೂರು ಚಮಚ, ಅಂದರೆ 6 ಗ್ರಾಂ. 4000 ಲೀಟರ್ ಟ್ಯಾಂಕರಿಗೆ ಸುಮಾರು 53 ಗ್ರಾಂ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ ತಿಳಿಯನ್ನಷ್ಟೇ ಸುರಿಯಿರಿ, ಸುಣ್ಣದ ಗಸಿ ಬೇಡ. ಒಂದು ಗಂಟೆಯ ನಂತರ ನಲ್ಲಿಯಲ್ಲಿ ಲೀಟರಿಗೆ 0.5 ಮಿ.ಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಬಿಸಿಲಿಗೆ ಇಳಿಯುವುದರಿಂದ ಮಧ್ಯಾಹ್ನ ಮತ್ತೆ ನೋಡಿ. ಪುಡಿ ಹೊಸದಾಗಿರಲಿ, ಬಾಯಿ ಬಿಚ್ಚಿಟ್ಟ ಚೀಲದ್ದು ಸತ್ವ ಕಳೆದುಕೊಂಡಿರುತ್ತದೆ.

ಮಾತ್ರೆ ತುರ್ತಿಗೆ ಮಾತ್ರ. 20 ಲೀಟರಿನ ಮಾತ್ರೆ ಬೇರೆ, 1 ಲೀಟರಿನದು ಬೇರೆ, ಪಟ್ಟಿ ಓದಿಯೇ ಹಾಕಿ. ಹಾಕಿ ಐದು ನಿಮಿಷದ ಮೇಲೆ ಮುಚ್ಚಳ ಸ್ವಲ್ಪ ಸಡಿಲಿಸಿ ಬಾಟಲಿ ಬಗ್ಗಿಸಿ, ಕತ್ತಿನ ತಿರುಪಿನ ಗೆರೆಗಳೆಲ್ಲ ಒದ್ದೆಯಾಗಲಿ. ತುಟಿ ತಾಗುವುದು ಅಲ್ಲೇ, ಒಳಗಿನ ನೀರಷ್ಟೇ ಶುದ್ಧವಾದರೆ ಪ್ರಯೋಜನವಿಲ್ಲ. ಒಟ್ಟು ಅರ್ಧ ಗಂಟೆ ಕಾದು ಕುಡಿಯಬೇಕು.

ಎಎನ್‌ಒ_ಮೈಸೂರು
ಸರ್, ನಿಮ್ಮ 60ರಲ್ಲಿ ಹುಡುಗಿಯರು ಎಷ್ಟು ಜನ? ನೀರು ಕೈಯಲ್ಲಿದ್ದರೂ ಅವರು ಕುಡಿಯೋದಿಲ್ಲ, ಯಾಕಂದ್ರೆ ಬಯಲಲ್ಲಿ ಶೌಚಕ್ಕೆ ಎಲ್ಲಿ ಹೋಗೋದು ಅನ್ನೋ ಚಿಂತೆ. ಬೆಳಗ್ಗೆಯಿಂದ ಬಾಟಲಿ ತುಂಬಿದಂತೇ ಇರುತ್ತೆ, ಹನ್ನೊಂದು ಗಂಟೆಗೆ ತಲೆನೋವು ಶುರು. ಪ್ರತಿ ವಾಟರ್ ಪಾಯಿಂಟ್‌ನಲ್ಲೂ ನಾಲ್ಕು ಕಡೆ ಮರೆ ಇರೋ ಟಾಯ್ಲೆಟ್ ಟೆಂಟ್, ನೀರು, ಸೋಪು, ಪ್ಯಾಡ್ ಹಾಕೋಕೆ ಮುಚ್ಚಳದ ಡಬ್ಬ ಇಡಿಸಿ. ಹೊರಡೋ ಮುಂಚೆಯೇ ಅದನ್ನ ಅವರಿಗೆ ಹೇಳಿ. ಇದನ್ನು ಸೌಕರ್ಯದ ಪಟ್ಟಿಗೆ ಹಾಕಬೇಡಿ, ನೀರಿನ ಲೆಕ್ಕದಲ್ಲೇ ಬರೆಯಿರಿ.

ಅತಿಯಾಗಿ ಕುಡಿಸೋದೂ ಅಪಾಯ. ಗಂಟೆಗೆ 1.4 ಲೀಟರ್ ದಾಟಬಾರದು. ಬರೀ ನೀರು ಒಂದೇ ಸಮನೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ವಾಂತಿ, ಗೊಂದಲ, ಫಿಟ್ಸ್ ತನಕ ಹೋಗುತ್ತೆ. 15–20 ನಿಮಿಷಕ್ಕೊಮ್ಮೆ ಸುಮಾರು 200 ಮಿ.ಲೀ. ಸರಿ. ಊಟ ಬಿಡೋ ಹಾಗಿಲ್ಲ, ಉಪ್ಪು ಬರೋದು ಅಲ್ಲಿಂದ. ಮಧ್ಯಾಹ್ನ ಉಪ್ಪು ಹಾಕಿದ ನೀರುಮಜ್ಜಿಗೆ ಕೊಡಿ, ಆದರೆ ಶುದ್ಧ ನೀರಲ್ಲಿ ಆಗಲೇ ಕಡೆದದ್ದು, ಕ್ಯಾನಲ್ಲಿ ಬೆಳಗ್ಗೆಯಿಂದ ಕೂತದ್ದಲ್ಲ. ಓಆರ್‌ಎಸ್ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಅರ್ಧ ಬಾಟಲಿಗೆ ಸುರಿದರೆ ಉಪ್ಪು ಹೆಚ್ಚಾಗುತ್ತೆ. ಅದನ್ನ ಒಂದೇ ಬಾಟಲಿಗೆ ಮೀಸಲಿಡಿ. ಸಕ್ಕರೆ ಅಂಟಿದ ಬಾಟಲಿ ರಾತ್ರಿ ಕಳೆಯೋದರಲ್ಲಿ ವಾಸನೆ ಬರುತ್ತೆ.

ಎನ್‌ಸಿಸಿ_ಮಂಡ್ಯ
ಎಲ್ಲರಿಗೂ ಧನ್ಯವಾದ. ಮೇಡಂ, 22 ಹುಡುಗಿಯರು, ಟೆಂಟ್ ಇವತ್ತೇ ಹೇಳ್ತೀನಿ. ಇನ್ನೊಂದು ಪ್ರಶ್ನೆ: ಕಡಿಮೆ ನೀರಲ್ಲಿ ಅಭ್ಯಾಸ ಮಾಡಿಸಿದರೆ ದೇಹ ಒಗ್ಗುತ್ತೆ ಅಂತಾರಲ್ಲ?

ನಿವೃತ್ತ_ಹವಾಲ್ದಾರ್
ಒಗ್ಗಲ್ಲ ಸರ್. ದೇಹ ಒಗ್ಗೋದು ಬಿಸಿಲಿಗೆ, ಅದಕ್ಕೆ ಒಂದರಿಂದ ಎರಡು ವಾರ ಬೇಕು. ಒಗ್ಗಿದ ದೇಹ ಬೇಗ ಬೆವರುತ್ತೆ, ಜಾಸ್ತಿ ಬೆವರುತ್ತೆ, ಹಾಗಾಗಿ ನೀರು ಇನ್ನೂ ಹೆಚ್ಚು ಬೇಕು. ಎಕ್ಸರ್‌ಸೈಜ್‌ಗೆ ಎರಡು ವಾರ ಮುಂಚಿಂದ ದಿನಾ ಒಂದೂವರೆ ಗಂಟೆ ಬಿಸಿಲಲ್ಲಿ ನಡೆಸಿ, ನೀರು ಧಾರಾಳ ಕೊಟ್ಟು.

ಜೊತೆಗೆ 100 ಲೀಟರ್ ಮತ್ತು ಒಂದು ಐಸ್ ಬಾಕ್ಸಲ್ಲಿ ಒದ್ದೆ ಬೆಡ್‌ಶೀಟ್ ಬೇರೆ ಇಡಿ, ಅದು ಕುಡಿಯೋದಕ್ಕಲ್ಲ. ಯಾರಾದ್ರೂ ತೊದಲಿದರೆ, ದಿಕ್ಕು ತಪ್ಪಿದ ಹಾಗೆ ನಡೆದರೆ, ಬೆವರು ಬರ್ತಿದ್ದರೂ ಸರಿ, ಬಿಸಿಲಾಘಾತ ಅಂತಲೇ ತಿಳೀರಿ. ಬೂಟು, ಬೆಲ್ಟ್ ಬಿಚ್ಚಿ, ತಾರ್ಪಾಲಿನ ನಾಲ್ಕು ಮೂಲೆ ಎತ್ತಿ ಹಿಡಿದು ಅದರಲ್ಲಿ ಮಲಗಿಸಿ, ತಲೆ ಮೇಲಿರೋ ಹಾಗೆ ನೋಡ್ಕೊಂಡು ನೀರು ಸುರಿದು ಕಲಕ್ತಾ ಇರಿ. 108ಕ್ಕೆ ಫೋನ್ ಅದೇ ಹೊತ್ತಿಗೆ ಹೋಗಲಿ, ಆದರೆ ಗಾಡಿ ಬರೋವರೆಗೂ ತಂಪು ಮಾಡೋದು ನಿಲ್ಲಬಾರದು. ಪ್ರಜ್ಞೆ ಸರಿ ಇಲ್ಲದವನ ಬಾಯಿಗೆ ಒಂದು ತೊಟ್ಟೂ ಹಾಕಬೇಡಿ.