ಬ್ರಹ್ಮಪುರದ ಮುತ್ಯಾನ ಮನೆ ಮಾರಬೇಕು, ಎಲ್ಲಿಂದ ಶುರು ಮಾಡಲಿ?

ಅಂಗಳದ ಹುಡುಗ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಮುತ್ಯಾ, ಅಂದ್ರೆ ಅಪ್ಪನ ಅಪ್ಪ, ಖರೀದಿ ಮಾಡಿದ ಮನೆ ಇದೆ. ಈಗ ಅಲ್ಲಿ ಇರುವುದು ಅವ್ವ ಒಬ್ಬಳೇ. ನಾನು ಬೆಂಗಳೂರಲ್ಲಿ, ತಂಗಿ ಹುಬ್ಬಳ್ಳಿಯಲ್ಲಿ. ಅವ್ವನಿಗೆ ಮೊಣಕಾಲು ನೋವು, ಮಾಳಿಗೆ ಹತ್ತಲು ಆಗಲ್ಲ, ಮೋಡ ಕಟ್ಟಿದರೆ ಬೆಳಕಿಂಡಿ ಮುಚ್ಚಲು ಪಕ್ಕದ ಮನೆ ಹುಡುಗನನ್ನು ಕೂಗಬೇಕು. ಮಾರಿಬಿಡೋಣ ಎಂದು ಮೊದಲು ಮಾತು ತೆಗೆದವಳೂ ಅವಳೇ, ಆದರೆ ಕೆಡವುವವರಿಗೆ ಕೊಡಬೇಡ ಎನ್ನುವವಳೂ ಅವಳೇ.

ಜಾಗ 400 ಗಜ, ಅಂದ್ರೆ 3,600 ಚದರಡಿ. ಮುಂದೆ ಕಟ್ಟೆ, ಒಳಗೆ ಅಂಗಳ, ಅಂಗಳದ ಮೂರು ಕಡೆ ಪಡಸಾಲೆ, ಸಾಗವಾನಿ ಕಂಬ, ಮಣ್ಣಿನ ಮಾಳಿಗೆ, ನೆಲಕ್ಕೆಲ್ಲ ಶಹಾಬಾದ್ ಫರ್ಸಿ ಕಲ್ಲು. ಗೋಡೆ ಎಷ್ಟು ದಪ್ಪ ಅಂದ್ರೆ ಕಿಟಕಿಯೊಳಗೇ ಕಾಲು ಮಡಚಿ ಕುಳಿತು ನಾವು ಪರೀಕ್ಷೆಗೆ ಓದಿದ್ದೇವೆ. ಹಿತ್ತಲಲ್ಲಿ ಬಾವಿ, ಬೇಸಿಗೆಯಲ್ಲೂ ತಳದಲ್ಲಿ ನೀರು ಇರುತ್ತದೆ.

ಏಜೆಂಟರು ಕರೆತಂದವರೆಲ್ಲ ಒಂದೇ ಮಾತು ಹೇಳುತ್ತಾರೆ. ಕಟ್ಟಡಕ್ಕೆ ಬೆಲೆ ಇಲ್ಲ, ಜಾಗಕ್ಕಷ್ಟೇ ರೇಟು, ಅದರಲ್ಲೂ ಕೆಡವುವ ಖರ್ಚು ಕಳೆಯುತ್ತೇವೆ. ಒಂದು ಮೇಷ್ಟ್ರ ಕುಟುಂಬ ಮಾತ್ರ ಇದ್ದ ಹಾಗೇ ಬೇಕು ಎನ್ನುತ್ತಿದೆ. ಅವರು ಬ್ಯಾಂಕ್ ಸಾಲ ಮಾಡಬೇಕು, ಬ್ಯಾಂಕಿನವರು ಕಾಗದ ಕೇಳುತ್ತಿದ್ದಾರೆ.

ಕಾಗದದ ಕಥೆ ಹೀಗಿದೆ. ಖರೀದಿ ಪತ್ರ ಉರ್ದುವಿನಲ್ಲಿದೆ, ಮುತ್ಯಾನ ಹೆಸರಿಗೆ, ಮೇಲೆ ಫಸಲಿ ವರ್ಷ 1352 ಎಂದಿದೆ. ಮುತ್ಯಾ 1979ರಲ್ಲಿ ತೀರಿಕೊಂಡರು, ಉಯಿಲು ಬರೆದಿಲ್ಲ. ಆಯಿ, ಅಂದ್ರೆ ಅಜ್ಜಿ ಕೂಡ ಆಮೇಲೆ ಹೋದಳು. ಮಕ್ಕಳು ನಾಲ್ಕು ಜನ: ನಮ್ಮ ಅಪ್ಪ, ಒಬ್ಬ ಕಾಕಾ, ಇಬ್ಬರು ಅತ್ತೆಯರು. ಮನೆಯಲ್ಲಿ ಇದ್ದವರು ಅಪ್ಪ ಎಂದು ಪಾಲಿಕೆಯ ಖಾತಾ ಅಪ್ಪನ ಹೆಸರಿಗೆ ಆಗಿದೆ. ಅಪ್ಪನೂ ಈಗಿಲ್ಲ. ದೊಡ್ಡತ್ತೆ ಸೊಲ್ಲಾಪುರದಲ್ಲಿದ್ದರು, ಅವರೂ ಇಲ್ಲ, ಮಾಮಾ ಮತ್ತು ಮಕ್ಕಳಿದ್ದಾರೆ. ಸಣ್ಣತ್ತೆ ಬೀದರ್‌ನಲ್ಲಿ.

ಕಾಕಾ ಹೇಳುವುದು ಏನಂದ್ರೆ, "ಖಾತಾ ನಿಮ್ಮಪ್ಪನ ಹೆಸರಲ್ಲಿದೆ, ಅತ್ತೆಯರದ್ದೇನು ಇಲ್ಲ, ಬೇಕಾದರೆ ಉಡಿ ತುಂಬಿ ಸೀರೆ ಕೊಟ್ಟು ಒಂದು ಸಹಿ ಮಾಡಿಸಿಕೊಂಡರೆ ಆಯಿತು." ನನಗೆ ಇದು ಸರಿ ಅನಿಸುತ್ತಿಲ್ಲ. ಕಾನೂನು ಏನು ಹೇಳುತ್ತದೆ, ಮತ್ತು ಆ ಮನೆಗೆ ಮನೆ ಎಂದು ಬೆಲೆ ಸಿಗುವ ದಾರಿ ಏನಾದರೂ ಇದೆಯಾ?

ದಸ್ತಾವೇಜು ಕಾಕಾ

ತಮ್ಮಾ, ನಿನಗೆ ಅನಿಸಿದ್ದೇ ಸರಿ. ಖಾತಾ ಅಂದ್ರೆ ತೆರಿಗೆ ಯಾರ ಹೆಸರಿಂದ ಕಟ್ಟುತ್ತಾರೆ ಎಂಬುದಷ್ಟೇ, ಅದರಿಂದ ಯಾರೂ ಮಾಲೀಕರಾಗುವುದಿಲ್ಲ. ಮನೆ ಮುತ್ಯಾನ ಸ್ವಂತ ಖರೀದಿ. ಉಯಿಲು ಇಲ್ಲದೆ ಹೋದರು ಅಂದ ಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಆಯಿಯ ಪಾಲೂ ಆಮೇಲೆ ಅದೇ ನಾಲ್ಕು ಮಕ್ಕಳಿಗೆ ಬರುತ್ತದೆ. ಹಾಗಾಗಿ ಲೆಕ್ಕ ಸೀದಾ ಇದೆ, ನಾಲ್ಕು ಪಾಲು. ನಿಮ್ಮಪ್ಪನ ಕಾಲು ಭಾಗದಲ್ಲಿ ನಿನ್ನ ಅವ್ವ, ನೀನು, ತಂಗಿ ಮೂವರು. ದೊಡ್ಡತ್ತೆಯ ಕಾಲು ಭಾಗ ಅವರ ಗಂಡ ಮತ್ತು ಮಕ್ಕಳಿಗೆ. ಉಳಿದ ಎರಡು ಪಾಲು ಕಾಕಾನಿಗೆ ಮತ್ತು ಸಣ್ಣತ್ತೆಗೆ.

ಒಂದು ಮಾತು ಚೆನ್ನಾಗಿ ತಿಳಿದುಕೋ. ಹೆಣ್ಣುಮಕ್ಕಳ ಹಕ್ಕು ಬಂದದ್ದು 2005ರಲ್ಲಿ, ಮುತ್ಯಾ ಅದಕ್ಕೂ ಮೊದಲೇ ಹೋಗಿದ್ದಾರೆ ಎಂದು ಕಟ್ಟೆ ಮೇಲೆ ಕುಳಿತವರು ಹೇಳುತ್ತಾರೆ. ಅದು ತಪ್ಪು, 2005ರ ತಿದ್ದುಪಡಿ ಪಿತ್ರಾರ್ಜಿತ ಅವಿಭಕ್ತ ಆಸ್ತಿಗೆ ಸಂಬಂಧಪಟ್ಟದ್ದು. ಸ್ವಂತ ದುಡಿದು ಕೊಂಡ ಆಸ್ತಿಯಲ್ಲಿ ಮಗಳಿಗೆ 1956ರಿಂದಲೇ ಪಾಲು ಇದೆ. ನಿಮ್ಮ ಅತ್ತೆಯರ ಪಾಲನ್ನು ಯಾರೂ ದಯೆಯಿಂದ ಕೊಡಬೇಕಾಗಿಲ್ಲ, ಅದು ಅವರದ್ದೇ.

ಈಗ ಕೆಲಸ. ನಾಡಕಚೇರಿಯಿಂದ ವಂಶವೃಕ್ಷ, ತೀರಿಕೊಂಡವರೆಲ್ಲರ ಮರಣ ಪ್ರಮಾಣಪತ್ರ ತೆಗೆಸು. ಉರ್ದು ಪತ್ರ ಭಾಷಾಂತರ ಮಾಡಿಸಿ ನೋಟರಿ ಮಾಡಿಸು. ಫಸಲಿಗೆ 590 ಸೇರಿಸಿದರೆ ಇಸವಿ ಹತ್ತಿರ ಹತ್ತಿರ ಬರುತ್ತದೆ, ಅಂದ್ರೆ ನಿಮ್ಮದು 1942ರ ಸುಮಾರಿನ ಖರೀದಿ, ನಿಜಾಮರ ಕಾಲದ್ದು. ಅದರಲ್ಲಿ ಚೆಕ್ಕುಬಂದಿ ಬರೆದಿರುತ್ತಾರೆ, ಪೂರ್ವಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಗಲ್ಲಿ ಅಂತ. ಈಗಿನ ಅಳತೆ ಜೊತೆ ಅದನ್ನು ತಾಳೆ ನೋಡು, ಯಾಕಂದ್ರೆ ಹಳೇ ಗಲ್ಲಿಗಳಲ್ಲಿ ಕಟ್ಟೆ ಮುಂದೆ ಬಂದಿರುತ್ತದೆ, ಹಿತ್ತಲ ಗೋಡೆ ಸರಿದಿರುತ್ತದೆ, ಕೊಳ್ಳುವವರ ವಕೀಲರು ಹಿಡಿಯುವುದೇ ಅಲ್ಲಿ. ಆಸ್ತಿ ಮೇಲಿನ ಸಾಲ, ವಹಿವಾಟು ತೋರಿಸುವ ಋಣಭಾರ ಪತ್ರ 2004ರಿಂದ ಈಚೆಯದು ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಆನ್‌ಲೈನ್ ಸಿಗುತ್ತದೆ, ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಖಾತಾ ಎಲ್ಲ ವಾರಸುದಾರರ ಹೆಸರಿಗೆ ಮಾಡಿಸಿ ಇ-ಖಾತಾ ತೆಗೆದುಕೋ, ಈಗ ಅದಿಲ್ಲದೆ ನೋಂದಣಿ ಆಗಲ್ಲ.

ಆಮೇಲೆ ಎಲ್ಲರೂ ಮಾರಾಟಗಾರರಾಗಿಯೇ ಸಹಿ ಹಾಕಲಿ, ಅವರವರ ಪಾಲಿನ ದುಡ್ಡು ನೇರವಾಗಿ ಅವರವರ ಖಾತೆಗೆ ಹೋಗಲಿ. ಬ್ಯಾಂಕಿನವರು ಒಪ್ಪುವುದೂ ಇದನ್ನೇ. ಒಬ್ಬರ ಸಹಿ ಬಿಟ್ಟರೂ ನಾಳೆ ಆ ಮೇಷ್ಟ್ರು ಕೋರ್ಟು ಅಲೆಯಬೇಕಾಗುತ್ತದೆ.

ಸೊಲ್ಲಾಪುರದಾಕೆ

ನಾನು ಕಲಬುರಗಿ ಮಗಳು, ಸೊಲ್ಲಾಪುರಕ್ಕೆ ಕೊಟ್ಟಿದ್ದಾರೆ. ಈ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ.

ನನಗೂ ಹೀಗೇ ಆಯಿತು. ಪಂಚಮಿಗೆ ಕರೆಯಲು ಬಂದ ಅಣ್ಣ ಬಹಳ ಪ್ರೀತಿಯಿಂದ ಮಾತಾಡಿದ, ಉಡಿ ತುಂಬಿಸಿದ, ಮರುದಿನ ಕಾರಿನಲ್ಲಿ ಕಚೇರಿಗೆ ಕರೆದುಕೊಂಡು ಹೋದ. ಹೆಬ್ಬೆಟ್ಟು, ಫೋಟೊ, ಸಹಿ. ಕಾಗದದಲ್ಲಿ ಏನಿದೆ ಎಂದು ಯಾರೂ ಓದಿ ಹೇಳಲಿಲ್ಲ. ನಾನು ಕೇಳಿದ್ದರೆ ಅತ್ತಿಗೆಯ ಮುಖ ಸಣ್ಣದಾಗುತ್ತಿತ್ತು, ತವರಿನ ಬಾಗಿಲು ಮುಚ್ಚುತ್ತಿತ್ತು, ಅದಕ್ಕೇ ಹೆಣ್ಣುಮಕ್ಕಳು ಕೇಳಲ್ಲ. ಮನೆ ಎಷ್ಟಕ್ಕೆ ಹೋಯಿತು ಎಂದು ನನಗೆ ಗೊತ್ತಾದದ್ದು ಹೊರಗಿನವರಿಂದ. ದುಡ್ಡು ಹೋಗಿದ್ದಕ್ಕಿಂತ ಅದೇ ಜಾಸ್ತಿ ನೋವು ಕೊಟ್ಟಿತು. ಅವ್ವ ರೊಟ್ಟಿ ಬಡಿಯುತ್ತಿದ್ದ ಒಲೆಯ ಪಕ್ಕದ ಫರ್ಸಿ ಮೇಲೆ ನಾನು ಅಕ್ಷರ ಕಲಿತವಳು, ಸುಣ್ಣದ ಕಡ್ಡಿಯಲ್ಲಿ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಆ ಮನೆ ಕೆಡವುವ ಮೊದಲು ಒಮ್ಮೆ ಬಾ ಎಂದು ಕರೆಯಬಹುದಿತ್ತು ಅಲ್ವಾ?

ನೀವು ಬೀದರ್‌ಗೆ ಫೋನ್ ಮಾಡಬೇಡಿ, ಹೋಗಿ. ಸೀರೆ ಒಯ್ಯಿರಿ, ಉಡಿನೂ ತುಂಬಿ, ಅದು ಬೇರೆ, ಪಾಲು ಬೇರೆ. ಇಷ್ಟು ಬೆಲೆ ಬರುತ್ತಿದೆ, ಇದರಲ್ಲಿ ನಿಮ್ಮದು ಇಷ್ಟು ಎಂದು ಕಾಗದದ ಮೇಲೆ ಬರೆದು ತೋರಿಸಿ. ಅವರಾಗಿಯೇ ಬೇಡ ಎಂದರೆ ಅದು ಅವರ ದೊಡ್ಡತನ, ಆಗ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಬಹುದು. ಕೇಳುವ ಮೊದಲೇ ಬೇಡ ಅಂತಾರೆ ಎಂದು ನೀವು ಅಂದುಕೊಳ್ಳಬೇಡಿ. ಮತ್ತೆ ಸೊಲ್ಲಾಪುರದ ಮಾಮಾನನ್ನೂ ಮರೆಯಬೇಡಿ, ಹೆಂಡತಿ ಹೋದ ಮೇಲೆ ಆಕೆಯ ತವರಿನವರು ಹುಡುಕಿಕೊಂಡು ಬರುವುದು ಇಂಥ ಸಹಿಗೆ ಮಾತ್ರ ಎಂದು ಅವರಿಗೆ ಅನಿಸಬಾರದು.

ಗೌಂಡಿ ಮಗ

ಕಾಗದದ ವಿಷಯ ಹಿರಿಯರು ಹೇಳಿದ್ದಾರೆ, ನಾನು ಮನೆ ಬಗ್ಗೆ ಹೇಳುತ್ತೇನೆ. ನಮ್ಮಪ್ಪ ಇಂಥ ಮಾಳಿಗೆ ಮನೆಗಳ ಕೆಲಸ ಮಾಡಿದವರು, ನಾನು ಹಳೇ ಮನೆ ದುರಸ್ತಿಯನ್ನೇ ಮಾಡುತ್ತೇನೆ.

ಮೊದಲನೆಯದು, ಮನೆಯನ್ನು ಹೊತ್ತು ನೋಡಿ ತೋರಿಸಿ. ಏಜೆಂಟರು ಸಂಜೆ ಕರೆತರುತ್ತಾರೆ. ನೀವು ಮೇ ತಿಂಗಳ ಮಧ್ಯಾಹ್ನ ಕರೆಯಿರಿ, ಹೊರಗೆ 42 ಡಿಗ್ರಿ ಇರುವಾಗ ಆ ಪಡಸಾಲೆಯ ಫರ್ಸಿ ಮೇಲೆ ಬರಿಗಾಲಲ್ಲಿ ನಿಂತರೆ ಬೆಲೆ ಅವರಿಗೇ ಗೊತ್ತಾಗುತ್ತದೆ. ಸ್ಲ್ಯಾಬ್ ಮನೆ ರಾತ್ರಿ ಹತ್ತಾದರೂ ತಂದೂರ್ ಒಲೆ ಇದ್ದ ಹಾಗೆ ಇರುತ್ತದೆ.

ಆದರೆ ಮುಚ್ಚಿಡಬಾರದ್ದೂ ಇದೆ. ಗೋಡೆ ಸುಣ್ಣದ ಗಾರೆಯಲ್ಲಿ ಕಟ್ಟಿದ್ದಾ ಅಥವಾ ಬರೀ ಮಣ್ಣಿನಲ್ಲಾ ಎಂದು ಒಂದು ಕಡೆ ಕೆದಕಿ ನೋಡಿಸಿ. 1993ರ ಸೆಪ್ಟೆಂಬರ್ 30ರಂದು ನಮ್ಮ ಆಳಂದದ ಆಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆದಾಗ ಅಷ್ಟು ಜನ ಸತ್ತಿದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಭಾರದ ಮಾಳಿಗೆ ಮೈಮೇಲೆ ಬಿದ್ದು. ಮೇಷ್ಟ್ರ ಮಕ್ಕಳು ಅದರ ಕೆಳಗೆ ಮಲಗುವವರು. ಮಾಳಿಗೆಗೆ ವರ್ಷ ವರ್ಷ ಮಣ್ಣು ಏರಿಸಿ ಏರಿಸಿ ಭಾರ ಜಾಸ್ತಿ ಆಗಿರುತ್ತದೆ, ಹಳೆಯದನ್ನು ಕೆರೆದು ತೆಗೆದು ತೆಳುವಾಗಿ ಹಾಕಬೇಕು. ತೊಲೆಗಳ ತುದಿ ಗೋಡೆಯೊಳಗೆ ಹೋಗುವ ಜಾಗ ಇದೆಯಲ್ಲ, ಅಲ್ಲಿ ಚಾಕುವಿನ ಮೊನೆಯಿಂದ ಚುಚ್ಚಿ. ಟಣ್ ಅಂದರೆ ಚಿಂತೆ ಇಲ್ಲ, ಮೆತ್ತಗೆ ಒಳಗೆ ಹೋದರೆ ಗೆದ್ದಲು ಅಥವಾ ನೀರು ತಿಂದಿದೆ ಎಂದೇ ಅರ್ಥ. ನಡುವೆ ಗಟ್ಟಿಯಾಗಿ ಕಾಣುವ ಸಾಗವಾನಿ ತುದಿಯಲ್ಲಿ ಪುಡಿ ಆಗಿರುತ್ತದೆ. ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಂದ ವರದಿ ಬರೆಸಿಕೊಳ್ಳಿ, ಬ್ಯಾಂಕಿನವರು ಮೌಲ್ಯ ಹಾಕುವಾಗಲೂ ಅದನ್ನು ಮುಂದಿಡಬಹುದು.

ಮಾರುವ ಮೊದಲು ಚೆಂದ ಕಾಣಲಿ ಎಂದು ಸಿಮೆಂಟ್ ಪ್ಲಾಸ್ಟರ್ ಮಾತ್ರ ಹಾಕಿಸಬೇಡಿ. ಹಳೇ ಗೋಡೆಯ ತೇವ ಹೊರಗೆ ಬರಲು ದಾರಿ ಸಿಗದೆ ಒಳಗೇ ಕೊಳೆಯುತ್ತದೆ. ಸುಣ್ಣ ಬಳಿಸಿ ಸಾಕು.

ಕೊನೆಗೆ ಕೆಡವುವವರಿಗೇ ಕೊಡಬೇಕಾಗಿ ಬಂದರೂ ಕಟ್ಟಡಕ್ಕೆ ಬೆಲೆ ಇಲ್ಲ ಎಂಬ ಮಾತು ನಂಬಬೇಡಿ. ಸಾಗವಾನಿ ಕಂಬ, ತೊಲೆ, ಚೌಕಟ್ಟು, ಬಾಗಿಲು ಎಲ್ಲಕ್ಕೂ ಗಿರಾಕಿ ಇದ್ದಾರೆ. ಅದಕ್ಕೇ ಕೆಡವುವ ಗುತ್ತಿಗೆದಾರರು ಕಟ್ಟಿಗೆ ನಮಗೇ ಬಿಡಿ ಎಂದು ಮೊದಲೇ ಹೇಳಿಕೊಳ್ಳುತ್ತಾರೆ. ಅದು ಯಾರಿಗೆ ಎಂದು ಕರಾರು ಪತ್ರದಲ್ಲಿ ಬರೆಸಿ, ಕೆಡವುವ ಖರ್ಚು ಕಳೆಯಲು ಬಿಡಬೇಡಿ.

ಲೆಕ್ಕದ ಅಕ್ಕ

ತೆರಿಗೆ ಬಗ್ಗೆ ಚಿಕ್ಕದಾಗಿ. ಲಾಭದ ತೆರಿಗೆ ಪ್ರತಿಯೊಬ್ಬರೂ ಅವರವರ ಪಾಲಿಗೆ ಕಟ್ಟಬೇಕು, ಎಲ್ಲಾ ದುಡ್ಡು ಒಬ್ಬರ ಖಾತೆಗೆ ಹಾಕಿಸಿಕೊಂಡರೆ ಮುಂದೆ ಉತ್ತರ ಕೊಡುವುದು ಕಷ್ಟ. 1942ರ ಖರೀದಿ ಬೆಲೆ ಹಿಡಿದು ಹೆದರಬೇಡಿ, 2001ರ ಏಪ್ರಿಲ್ 1ರಂದು ಇದ್ದ ಮಾರುಕಟ್ಟೆ ಬೆಲೆಯನ್ನೇ ಮೂಲ ಬೆಲೆ ಎಂದು ತೆಗೆದುಕೊಳ್ಳಬಹುದು, ಅದಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿ ಮಾಡಿಸಿಡಿ. 2024ರ ಜುಲೈ 23ಕ್ಕಿಂತ ಮೊದಲಿನ ಆಸ್ತಿ ಆದ್ದರಿಂದ ಇಂಡೆಕ್ಸೇಶನ್ (ಬೆಲೆಯೇರಿಕೆಗೆ ತಕ್ಕಂತೆ ಮೂಲ ಬೆಲೆ ಏರಿಸುವುದು) ಇಲ್ಲದೆ 12.5 ಪರ್ಸೆಂಟ್ ಅಥವಾ ಇಂಡೆಕ್ಸೇಶನ್ ಜೊತೆ 20 ಪರ್ಸೆಂಟ್, ಯಾವುದು ಕಡಿಮೆಯೋ ಅದು. ಒಟ್ಟು ಬೆಲೆ 50 ಲಕ್ಷ ಅಥವಾ ಮೇಲೆ ಇದ್ದರೆ ಕೊಳ್ಳುವವರು 1 ಪರ್ಸೆಂಟ್ ಟಿಡಿಎಸ್, ಅಂದ್ರೆ ಮೊದಲೇ ಕಳೆಯುವ ತೆರಿಗೆ, ಹಿಡಿಯುತ್ತಾರೆ, ಎಲ್ಲರ ಪ್ಯಾನ್ ಕಾರ್ಡ್ ರೆಡಿ ಇರಲಿ. ಅವ್ವನಿಗೆ ಬೇರೆ ಮನೆ ಕೊಳ್ಳುವುದಾದರೆ ಎರಡು ವರ್ಷದೊಳಗೆ ಕೊಂಡರೆ ಅವರ ಪಾಲಿಗೆ ವಿನಾಯಿತಿ ಸಿಗುತ್ತದೆ, ಮನೆ ಅವರ ಹೆಸರಲ್ಲೇ ಇರಲಿ. ಮೇಷ್ಟ್ರಿಗೆ ಒಂದು ಮಾತು ಹೇಳಿಬಿಡಿ, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಆಗಿದೆ. ಅವರು ಹಳೇ ಲೆಕ್ಕದಲ್ಲಿ ದುಡ್ಡು ಹೊಂದಿಸಿದ್ದರೆ ಕೊನೇ ಗಳಿಗೆಯಲ್ಲಿ ಕಡಿಮೆ ಬೀಳುತ್ತದೆ.

ಅಂಗಳದ ಹುಡುಗ

ಎಲ್ಲರಿಗೂ ತುಂಬಾ ಧನ್ಯವಾದ. ಸೊಲ್ಲಾಪುರದ ಅಕ್ಕಾ, ನಿಮ್ಮ ಮಾತನ್ನು ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ, ಆಮೇಲೆ "ಬೀದರ್‌ಗೆ ನಾನೂ ಬರುತ್ತೇನೆ" ಎಂದಳು. ಕಾಕಾನಿಗೆ ನಾಲ್ಕು ಪಾಲಿನ ಲೆಕ್ಕ ಕಳಿಸಿದ್ದೇನೆ, ಸಿಟ್ಟಾಗಿದ್ದಾರೆ, ಆದರೆ ಅವರ ಹಕ್ಕಿನ ಕಾಲು ಪಾಲು ಅವರಿಗೆ ಇದ್ದೇ ಇದೆಯಲ್ಲ, ಒಪ್ಪುತ್ತಾರೆ ಎನ್ನುವ ನಂಬಿಕೆ ಇದೆ. ಎರಡೂ ಅತ್ತೆಯರ ಮನೆಯವರನ್ನು ಅಪ್ಪನ ಜಾತ್ರೆಗೆ, ಅಂದ್ರೆ ಶರಣಬಸವೇಶ್ವರರ ಜಾತ್ರೆಗೆ ಕರೆಯುತ್ತೇವೆ. ತೇರು ಎಳೆಯುವ ದಿನ ಎಲ್ಲರೂ ಆ ಮನೆಯಲ್ಲೇ ಉಳಿಯಲಿ, ಮಾತುಕತೆ ಅಲ್ಲೇ ಆಗಲಿ. ಮೇಷ್ಟ್ರು ಅಲ್ಲಿಯವರೆಗೆ ಕಾಯುತ್ತೇನೆ ಎಂದಿದ್ದಾರೆ.

ಗೌಂಡಿ ಅಣ್ಣಾ, ನಡುಮನೆಯ ಎರಡು ತೊಲೆ ತುದಿ ಮೆತ್ತಗಿವೆ, ಪಕ್ಕದ ಹುಡುಗ ಚುಚ್ಚಿ ನೋಡಿ ಹೇಳಿದ. ನಾವೇ ಸರಿ ಮಾಡಿಸಿ ಮಾರುವುದಾ, ಅಥವಾ ಹೇಳಿ ಬೆಲೆ ಬಿಡುವುದಾ?

ಗೌಂಡಿ ಮಗ

ಹೇಳಿ ಬೆಲೆ ಬಿಡಿ. ಯಾವ ಕಟ್ಟಿಗೆ ಹಾಕಬೇಕು, ತೊಲೆ ಬದಲಿಸಬೇಕಾ ಅಥವಾ ತುದಿಗೆ ಕಲ್ಲಿನ ಕಂಬ ಕೊಟ್ಟರೆ ಸಾಕಾ ಎಂಬುದನ್ನು ಅಲ್ಲಿ ಇರುವವರೇ ಇಂಜಿನಿಯರ್ ಹತ್ತಿರ ಕೇಳಿ ತೀರ್ಮಾನ ಮಾಡಲಿ. ಆದರೆ ಮಳೆಗಾಲಕ್ಕೆ ಮೊದಲು ಆ ಎರಡು ತೊಲೆಗೆ ಕೆಳಗಿನಿಂದ ಆಸರೆ ಕೊಡಿಸಿ, ಅವ್ವನ ಮಂಚ ನಡುಮನೆಯಲ್ಲಿದ್ದರೆ ಇವತ್ತೇ ಪಡಸಾಲೆಗೆ ಹಾಕಿಸಿ.